ಮೆತ್ತಿನ ಮೇಲೆ ಕೂತು ಕೋಡ್ ಬರೆಯುವವರಿಗೆ

ತಮ್ಮಾ, ತಂಗೀ,

2020ರ ಕೊರೋನಾ ಕಾಲಕ್ಕೆ ಬೆಂಗಳೂರು ಬಿಟ್ಟು ಬಂದ ನಿಮ್ಮಲ್ಲಿ ಕೆಲವರು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲೇ ಉಳಿದುಕೊಂಡಿರಿ. ಮೆತ್ತಿನ ಮೇಲೆ ಲ್ಯಾಪ್‌ಟಾಪು, ಮಳೆಗಾಲದಲ್ಲಿ ಕರೆಂಟು ಹೋದರೆ ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಪಾಡು. ಇಷ್ಟು ಒದ್ದಾಡಿ ದುಡಿದರೂ, "ಊರಲ್ಲಿ ಕೂತು ಬರೆದ ಕೋಡ್‌ನಲ್ಲಿ ತಪ್ಪು ಜಾಸ್ತಿ" ಅಂತ ಯಾರೋ ಮೇಲಿನವರು ಅಂದರೆ ಸುಮ್ಮನಾಗುತ್ತೀರಿ. ಸುಮ್ಮನಾಗಬೇಡಿ. ಆಧಾರ ಏನು ಅಂತ ವಿನಯದಿಂದಲೇ ಕೇಳಿ.

ಇದನ್ನು ಅಳೆದು ನೋಡಿದವರಿದ್ದಾರೆ. ಸಂಶೋಧಕರಾದ ಕ್ರಿಶ್ಚಿಯನ್ ಬರ್ಡ್, ನಾಚಿಯಪ್ಪನ್ ನಾಗಪ್ಪನ್ ಮತ್ತು ಸಂಗಡಿಗರು 2009ರಲ್ಲಿ ವಿಂಡೋಸ್ ವಿಸ್ಟಾದ ಭಾಗಗಳನ್ನು ಎರಡು ಗುಂಪು ಮಾಡಿದರು: ಒಂದೇ ಕಡೆ ಕೂತವರು ಬರೆದದ್ದು, ಬೇರೆ ಬೇರೆ ಕಡೆ ಇದ್ದವರು ಸೇರಿ ಬರೆದದ್ದು. ಬಿಡುಗಡೆಯಾದ ಮೇಲೆ ಯಾವುದು ಎಷ್ಟು ಕೆಟ್ಟಿತು ಅಂತ ಲೆಕ್ಕ ಹಾಕಿದರೆ ವ್ಯತ್ಯಾಸ ತೀರಾ ಕಡಿಮೆ. ಕೈ ಹಾಕಿದವರ ಸಂಖ್ಯೆಯನ್ನೂ ಗಣನೆಗೆ ತಗೊಂಡಾಗ ಅದೂ ಇನ್ನಷ್ಟು ಸಣ್ಣದಾಯಿತು. ಅದಕ್ಕೂ ಹಿಂದಿನ ವರ್ಷ ಇದೇ ನಾಗಪ್ಪನ್, ಬ್ರೆಂಡನ್ ಮರ್ಫಿ, ವಿಕ್ಟರ್ ಬಸಿಲಿ ಜೊತೆಗೂಡಿ ತೋರಿಸಿದ್ದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಕೋಡ್ ಎಷ್ಟು ಜಟಿಲ ಅನ್ನುವುದಕ್ಕಿಂತ, ಎಷ್ಟು ಜನ ಅದನ್ನು ಮುಟ್ಟಿದರು, ಅವರಲ್ಲಿ ಎಷ್ಟು ಜನ ಕೆಲಸ ಬಿಟ್ಟು ಹೋದರು ಅನ್ನುವಂಥ ಲೆಕ್ಕವೇ ಎಲ್ಲಿ ಕೆಡುತ್ತದೆ ಅನ್ನುವುದನ್ನು ಹೆಚ್ಚು ಸರಿಯಾಗಿ ಹೇಳಿತು.

ಹಾಗಂತ 2009ರ ಆ ಅಧ್ಯಯನವನ್ನೇ ಗುರಾಣಿ ಮಾಡಿಕೊಳ್ಳಬೇಡಿ. ಅಲ್ಲಿದ್ದವರು ಕಚೇರಿಗಳಲ್ಲಿ ಕೂತ ತಂಡಗಳು, ನೀವು ಒಬ್ಬೊಬ್ಬರೇ. ಸಂಶೋಧನೆ ಓದುವಾಗ ಅದು ಯಾರ ಬಗ್ಗೆ ಮಾತಾಡುತ್ತಿದೆ ಅನ್ನುವುದನ್ನು ಮೊದಲು ನೋಡಬೇಕು.

ಪ್ರಕಟವಾದದ್ದೆಲ್ಲ ಗಟ್ಟಿಯಾಗಿ ನಿಲ್ಲುವುದೂ ಇಲ್ಲ. 2014ರಲ್ಲಿ ಕೆಲವು ಸಂಶೋಧಕರು ಗಿಟ್‌ಹಬ್‌ನ 729 ಪ್ರಾಜೆಕ್ಟುಗಳನ್ನು ಜಾಲಾಡಿ, ಪ್ರೋಗ್ರಾಮಿಂಗ್ ಭಾಷೆಗೂ ತಪ್ಪುಗಳಿಗೂ ನಂಟಿದೆ ಅಂದರು. 2019ರಲ್ಲಿ ಬೇರೊಂದು ತಂಡ ಅದೇ ದತ್ತಾಂಶವನ್ನು ಮತ್ತೆ ಪರೀಕ್ಷಿಸಿತು. ಹನ್ನೊಂದು ಭಾಷೆಗಳ ಬಗ್ಗೆ ಹೇಳಿದ್ದರಲ್ಲಿ ನಾಲ್ಕರದ್ದು ಮಾತ್ರ ಉಳಿಯಿತು, ಅದೂ ತೀರಾ ಅಲ್ಪ. ಯಾವ ಭಾಷೆ ಮೇಲು ಅಂತ ರಾತ್ರಿಯಿಡೀ ವಾದಿಸುವವರು ಈ ಎರಡನ್ನೂ ಒಟ್ಟಿಗೇ ಇಟ್ಟುಕೊಂಡು ಓದಿ.

ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತದ್ದಕ್ಕೆ ನಿಮ್ಮ ಮನೆಯ ಅಡಿಕೆ ತೋಟದಲ್ಲೇ ಉದಾಹರಣೆ ಇದೆ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ-ಸುಣ್ಣದ ಬೋರ್ಡೋ ಮದ್ದು ಅದನ್ನು ತಡೆಯುತ್ತದೆಂದು ತೋರಿಸಿದರು. ಇಂದಿಗೂ ನಿಮ್ಮಪ್ಪ ಮಳೆ ಹಿಡಿಯುವ ಮೊದಲು ಅದನ್ನೇ ಹೊಡೆಸುತ್ತಾರೆ. ಸ್ಕ್ರಮ್, ಟೆಸ್ಟ್ ಮೊದಲು ಬರೆಯುವುದು, ಇಬ್ಬರು ಸೇರಿ ಕೋಡ್ ಮಾಡುವುದು, ಎಲ್ಲದಕ್ಕೂ ಅಂಥ ಪರೀಕ್ಷೆಯನ್ನೇ ಕೇಳಿ.

ನೀವೂ ಒಂದು ಪಟ್ಟಿ ಶುರು ಮಾಡಿ. ಸರಿಪಡಿಸಿದ ಪ್ರತಿ ತಪ್ಪಿಗೂ ನಾಲ್ಕು ವಿಷಯ ಬರೆದಿಡಿ: ತಪ್ಪು ಹೊಕ್ಕ ದಿನ, ಸಿಕ್ಕ ದಿನ, ಯಾರ ಕಣ್ಣಿಗೆ ಬಿತ್ತು, ಟೆಸ್ಟ್‌ನಲ್ಲಿ ಯಾಕೆ ತಪ್ಪಿಸಿಕೊಂಡಿತು. ಕೆಲವು ತಿಂಗಳಾದ ಮೇಲೆ ಆಫೀಸಿನಲ್ಲಿರುವ ಗೆಳೆಯರ ಪಟ್ಟಿಯ ಪಕ್ಕ ಇಟ್ಟು ನೋಡಿ. ಲೆಕ್ಕ ನಿಮಗೆ ವಿರುದ್ಧವಾಗಿ ಬಂದರೂ ಮುಚ್ಚಿಡಬೇಡಿ. ಹೊರಗಿನವರಿಗೆ ತೋರಿಸುವುದಾದರೆ ಕಂಪನಿಯ ಒಪ್ಪಿಗೆ ಕೇಳಿ, ಗ್ರಾಹಕರ ಹೆಸರು ತೆಗೆದುಹಾಕಿ, ಆಮೇಲೆ ಕೊಡಿ.