ಸರಪಣಿಯಿಂದ ಉಪಗ್ರಹದವರೆಗೆ: ಭೂಮಾಪನದ ಕೆಲವು ಪದಗಳ ಪರಿಚಯ

ಉದ್ಯೋಗ ನಿಮಿತ್ತ ತಾಯ್ನಾಡನ್ನು ಬಿಟ್ಟು ಅಹಮದಾಬಾದು, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಒಂದು ತುಂಡು ಹೊಲವೋ, ಹಿರಿಯರ ಮನೆಯ ಪಾಲೋ ಇನ್ನೂ ಉಳಿದಿದೆ. ಅದರ ಕಾಗದಪತ್ರಗಳನ್ನು ಓದುವ ಅಭ್ಯಾಸ ಮಾತ್ರ ತಪ್ಪಿಹೋಗಿದೆ. ಆ ಸ್ಥಾನವನ್ನು ಈಗ ಕೈಯಲ್ಲಿನ ಮೊಬೈಲು ಆಕ್ರಮಿಸಿದೆ.

ಧಾರವಾಡ ಜಿಲ್ಲೆಯ ನಮ್ಮ ಹಳ್ಳಿಯಿಂದ ಒಂದು ಬೇಸಿಗೆಯಲ್ಲಿ ಚಿಕ್ಕಪ್ಪನ ಮಗ ಫೋನು ಮಾಡಿ, “ಅಣ್ಣಾ, ಬಾಜೂ ಹೊಲದವರ ಬದು ಮೂರು ಮೀಟರು ನಮ್ಮೊಳಗ ಬಂದೈತಿ, ಮೊಬೈಲ್‌ನಾಗ ಸ್ವಚ್ಛ ಕಾಣತೈತಿ” ಎಂದನು. ನೂರು ಮೀಟರು ಉದ್ದದ ಬದುವಿಗೆ ಮೂರು ಮೀಟರೆಂದರೆ 300 ಚದರ ಮೀಟರು, ಅಂದರೆ ಹೆಚ್ಚುಕಡಿಮೆ ಮೂರು ಗುಂಟೆ. ಅಂಕೆಗಳನ್ನೇ ನಂಬಿ ಬಾಳುವ ಬ್ಯಾಂಕಿನವನಾದ ನಾನು ಕೂಡಲೇ ವಕೀಲರಿಂದ ನೋಟೀಸನ್ನು ಬರೆಯಿಸಿದೆನು. ಪಕ್ಕದ ಹೊಲದವರು ನಮ್ಮ ತಂದೆಯವರ ಬಾಲ್ಯಸ್ನೇಹಿತರು. ಅದೃಷ್ಟವಶಾತ್ ಅಂಚೆಗೆ ಹಾಕುವ ಮುನ್ನ ಮೋಜಣಿಗೆ ಅರ್ಜಿ ಕೊಟ್ಟೆವು. ಭೂಮಾಪಕರು ಬಂದು, ಹಳೆಯ ಬಾಂದುಗಲ್ಲನ್ನು ಹುಡುಕಿ, ಟಿಪ್ಪಣಿಗೆ ತಾಳೆ ನೋಡಿ ಅಳೆದಾಗ ಬದು ಒಂದು ಗೇಣೂ ಸರಿದಿರಲಿಲ್ಲ. ಆ ನಾಚಿಕೆಯೇ ಈ ಲೇಖನಕ್ಕೆ ಪ್ರೇರಣೆ.

ಸರಪಣಿ, ಗುಂಟೆ, ಆಣೆ

ಇಂಗ್ಲಿಷರ ಗುಂಟರ್ ಸರಪಣಿಯ ಉದ್ದ 66 ಅಡಿ. ಅದಕ್ಕೆ 100 ಕೊಂಡಿಗಳು. ಹತ್ತು ಚದರ ಸರಪಣಿಗೆ ಒಂದು ಎಕರೆ. ಮುಂಬಯಿ ಪ್ರಾಂತದ ಭೂಮಾಪನದಲ್ಲಿ ಇದರ ಅರ್ಧ, ಎಂದರೆ 33 ಅಡಿಯ ಸರಪಣಿ ಬಳಕೆಗೆ ಬಂದಿತು. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಗುಂಟೆ: 1,089 ಚದರ ಅಡಿ ಅಥವಾ 121 ಚದರ ಗಜ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ.

ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕಡೆಯವರಿಗೆ ಇಲ್ಲೊಂದು ಅನುಕೂಲವಿದೆ. 1956ರವರೆಗೆ ಆ ಜಿಲ್ಲೆಗಳೂ ಸೂರತ್, ಅಹಮದಾಬಾದು ಜಿಲ್ಲೆಗಳೂ ಒಂದೇ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ಸರ್ವೆ ನಂಬರು, ಹಿಸ್ಸಾ, ಆಕಾರ, ಖರಾಬು ಮುಂತಾದ ಪದಗಳು ಎರಡೂ ಕಡೆ ಪರಿಚಿತ. ಹಿಸ್ಸಾ ಎಂದರೆ ಸರ್ವೆ ನಂಬರಿನ ಪಾಲು. ಆಕಾರ ಎಂದರೆ ಕಂದಾಯ. ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ. ನಮ್ಮ ಪಹಣಿಯ ಸ್ಥಾನದಲ್ಲಿ ಇಲ್ಲಿ ‘ಸಾತ್-ಬಾರ್’ ಇದೆ. ಗ್ರಾಮ ನಮೂನೆ 7 ಮತ್ತು 12 ಒಂದೇ ಹಾಳೆಯಲ್ಲಿದ್ದುದರಿಂದ ಆ ಹೆಸರು.

ಆದರೆ ‘ವೀಘಾ’ ಎಂಬ ಮಾತಿನಲ್ಲಿ ಎಚ್ಚರಿಕೆಯಿರಬೇಕು. ಸೌರಾಷ್ಟ್ರದಲ್ಲಿ ಅದು ಸಾಮಾನ್ಯವಾಗಿ 16 ಗುಂಟೆ. ಮಧ್ಯ ಮತ್ತು ದಕ್ಷಿಣ ಗುಜರಾತಿನಲ್ಲಿ ಸುಮಾರು ಇಪ್ಪತ್ತಮೂರೂವರೆ ಗುಂಟೆ. ನಿವೇಶನಗಳ ವ್ಯವಹಾರದಲ್ಲಿ ಕೇಳುವ ‘ವಾರ್’ ಎಂಬುದು ಚದರ ಗಜ, ಎಂದರೆ 9 ಚದರ ಅಡಿ. ಕರಾರುಪತ್ರದಲ್ಲಿ ಚದರ ಮೀಟರಿನ ಅಂಕೆಯನ್ನೇ ಬರೆಯಿಸುವುದು ಕ್ಷೇಮ.

ಅಕ್ಷಾಂಶ, ರೇಖಾಂಶ ಮತ್ತು ಆಧಾರ

ಅಹಮದಾಬಾದು ಸುಮಾರು 23 ಡಿಗ್ರಿ ಉತ್ತರ ಅಕ್ಷಾಂಶ, ಎಪ್ಪತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಅಕ್ಷಾಂಶದ ಒಂದು ಡಿಗ್ರಿಗೆ ನೆಲದ ಮೇಲೆ ಸುಮಾರು 111 ಕಿಲೋಮೀಟರು. ಮೊಬೈಲು ತೋರಿಸುವ ದಶಾಂಶಗಳಲ್ಲಿ ನಾಲ್ಕನೆಯ ಸ್ಥಾನದ ಒಂದು ಅಂಕೆಗೆ 11 ಮೀಟರು. ಅದು ಗುಂಟೆಯ ಒಂದು ಪಕ್ಕಕ್ಕಿಂತ ತುಸು ಹೆಚ್ಚು. ಐದನೆಯ ಸ್ಥಾನಕ್ಕೆ ಸುಮಾರು ಒಂದು ಮೀಟರು. ಅಂಕೆಗಳು ಹೆಚ್ಚಾದ ಮಾತ್ರಕ್ಕೆ ನಿಖರತೆ ಹೆಚ್ಚಾಯಿತೆಂದು ಭಾವಿಸಬಾರದು. ರೂಪಾಯಿಯ ಅಂದಾಜಿಗೆ ಪೈಸೆಗಳನ್ನು ಬರೆದಂತೆ ಅದು.

ಈ ಅಂಕೆಗಳು ಭೂಮಿಯ ಯಾವ ಆಕಾರವನ್ನು ಆಧರಿಸಿವೆ ಎಂಬುದೂ ಮುಖ್ಯ. ಕರ್ನಲ್ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಬಳಿ ಆಧಾರರೇಖೆಯನ್ನು ಅಳೆದು ಮಹಾ ತ್ರಿಕೋನಮಿತಿ ಸರ್ವೆಯನ್ನು ಆರಂಭಿಸಿದನು. ಅವನ ಉತ್ತರಾಧಿಕಾರಿ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರವನ್ನು ಲೆಕ್ಕಹಾಕಿದನು. ನಮ್ಮ ಹಳೆಯ ಭೂಪಟಗಳಿಗೆ ಅದೇ ಆಧಾರ. ಉಪಗ್ರಹಗಳು ಬಳಸುವ ‘ಡಬ್ಲ್ಯು.ಜಿ.ಎಸ್. 84’ ಎಂಬ ಆಕಾರದಲ್ಲಿ ಭೂಮಧ್ಯರೇಖೆಯ ತ್ರಿಜ್ಯ ಎವರೆಸ್ಟನ ಲೆಕ್ಕಕ್ಕಿಂತ ಸುಮಾರು 860 ಮೀಟರು ಹೆಚ್ಚು. ಭೂಮಿಯ ಕೇಂದ್ರವೂ ಬೇರೆಡೆ ಬೀಳುತ್ತದೆ. ಒಂದರ ಅಂಕೆಗಳನ್ನು ಇನ್ನೊಂದರ ನಕಾಶೆಯ ಮೇಲೆ ಹಾಗೆಯೇ ಇಟ್ಟರೆ ಸ್ಥಳವು ನೂರು ಮೀಟರಿನಷ್ಟು ಸರಿದು ಕಾಣಬಹುದು. ನೆಲವಂತೂ ಅಲುಗಿರುವುದಿಲ್ಲ.

ಉಪಗ್ರಹ ಮತ್ತು ಗಡಿಯಾರ

ಉಪಗ್ರಹವು ಮಾಡುವುದು ಇಷ್ಟೇ: ತಾನಿರುವ ಸ್ಥಾನವನ್ನೂ ತನ್ನ ಗಡಿಯಾರದ ಸಮಯವನ್ನೂ ಸಾರುತ್ತಿರುತ್ತದೆ. ಸಂಕೇತವು ತಲುಪಲು ಹಿಡಿದ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ದೊರೆಯುತ್ತದೆ. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಸಾಗುವುದರಿಂದ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ 300 ಮೀಟರಿನ ವ್ಯತ್ಯಾಸವಾಗುತ್ತದೆ. ನಮ್ಮ ಮೊಬೈಲಿನ ಗಡಿಯಾರ ಅಷ್ಟು ನಿಖರವಲ್ಲ. ಆದ್ದರಿಂದಲೇ ಸ್ಥಾನ ತಿಳಿಯಲು ಮೂರು ಉಪಗ್ರಹಗಳಾದರೆ, ಸಮಯದ ತಪ್ಪನ್ನು ಕಳೆಯಲು ನಾಲ್ಕನೆಯದೊಂದು ಬೇಕು.

ಈ ವಿಷಯದಲ್ಲಿ ನಮ್ಮ ಎರಡೂ ನಾಡುಗಳಿಗೆ ಸಂಬಂಧವಿದೆ. ಭಾರತದ ‘ನಾವಿಕ್’ ವ್ಯವಸ್ಥೆಯ ಸಮಯಪಾಲನೆಗೆ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಕೇಂದ್ರವಿದೆ. 2013ರ ಜುಲೈ 1ರಂದು ಹಾರಿದ ಮೊದಲ ಉಪಗ್ರಹದಲ್ಲಿದ್ದ ವಿದೇಶೀ ಪರಮಾಣು ಗಡಿಯಾರಗಳು ಮೂರೂ ಕೆಟ್ಟುಹೋದವು. ಆಮೇಲೆ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ ಸ್ವದೇಶೀ ಗಡಿಯಾರ ಸಿದ್ಧವಾಗಿ, 2023ರ ಮೇ 29ರಂದು ಎನ್.ವಿ.ಎಸ್.-01 ಉಪಗ್ರಹದೊಡನೆ ಆಕಾಶಕ್ಕೇರಿತು.

ಬಯಲಿನಲ್ಲಿ ಸಾಮಾನ್ಯ ಮೊಬೈಲಿನ ನಿಖರತೆ ಸುಮಾರು 5 ಮೀಟರು. ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಸಂಕೇತವು ಗೋಡೆಗೆ ಬಡಿದು ಬಳಸಿ ಬರುವುದರಿಂದ ತಪ್ಪು ಇನ್ನೂ ಬೆಳೆಯುತ್ತದೆ. ಇದಕ್ಕೆ ‘ಮಲ್ಟಿಪಾತ್’, ಎಂದರೆ ಬಹುಪಥ ದೋಷವೆಂದು ಹೆಸರು. ಭೂಮಾಪಕರ ಉಪಕರಣವಾದರೋ ಸ್ಥಾನ ಮೊದಲೇ ಗೊತ್ತಿರುವ ಒಂದು ನೆಲೆಯಿಂದ ತಿದ್ದುಪಡಿಯನ್ನು ಪಡೆಯುತ್ತದೆ. ಭಾರತೀಯ ಸರ್ವೇಕ್ಷಣ ಇಲಾಖೆಯು ಸ್ಥಾಪಿಸಿರುವ ಇಂತಹ ಸ್ಥಿರ ನೆಲೆಗಳಿಗೆ ‘ಕಾರ್ಸ್’ ಎನ್ನುತ್ತಾರೆ. ಅವುಗಳ ನೆರವಿನಿಂದ ತಪ್ಪು ಕೆಲವೇ ಸೆಂಟಿಮೀಟರುಗಳಿಗೆ ಇಳಿಯುತ್ತದೆ.

ನೆನಪಿಡಬೇಕಾದದ್ದು

ಮೊಬೈಲು ನಮ್ಮನ್ನು ಹೊಲದವರೆಗೆ ಕರೆದೊಯ್ಯಬಲ್ಲದು. ಹೊಲದ ಗಡಿಯನ್ನು ತೀರ್ಮಾನಿಸಲಾರದು. ರಾತ್ರಿಯ ವೇಳೆ ಮನೆಗೆ ಆಂಬುಲೆನ್ಸನ್ನು ಕರೆಯಬೇಕಾದಾಗ 5 ಮೀಟರಿನ ತಪ್ಪು ಲೆಕ್ಕಕ್ಕಿಲ್ಲ. ಬದುವಿನ ವಿಷಯದಲ್ಲಿ ಅದೇ 5 ಮೀಟರು ಎರಡು ಮನೆತನಗಳನ್ನು ಅಗಲಿಸಬಲ್ಲದು. ಆದುದರಿಂದ ಊರಿಗೆ ಹೋದಾಗ ಪಹಣಿ, ನಕಾಶೆ, ಚಕ್ಕುಬಂದಿಗಳ ಪ್ರತಿಗಳನ್ನು ಪಡೆದಿಡುವುದು, ಬಾಂದುಗಲ್ಲುಗಳನ್ನು ಮಕ್ಕಳಿಗೆ ತೋರಿಸುವುದು, ಸಂದೇಹ ಬಂದರೆ ಮೋಜಣಿಗೆ ಅರ್ಜಿ ಕೊಡುವುದು ಒಳಿತು.

ನಮ್ಮ ಆ ನೋಟೀಸು ಇನ್ನೂ ನನ್ನ ಕಪಾಟಿನಲ್ಲಿದೆ. ಪಕ್ಕದ ಹೊಲದ ಹಿರಿಯರು ಮೋಜಣಿಯ ದಿನ ನಮ್ಮವರಿಗೂ ಸೇರಿಸಿ ಬುತ್ತಿ ತಂದಿದ್ದರೆಂದು ತಮ್ಮನು ಹೇಳಿದ ಮೇಲೆ ಅದನ್ನು ಹರಿದುಹಾಕಲು ಮನಸ್ಸಾಗಲಿಲ್ಲ. ಅವಸರ ಮಾಡಬಾರದೆಂಬುದಕ್ಕೆ ಅದೊಂದು ದಾಖಲೆಯಾಗಿ ಇರಲಿ.