ಸ್ಯಾನ್ ಹೋಸೆ ಶಾರ್ಕ್ಸ್: ಹೊಸದಾಗಿ ಕಟ್ಟುತ್ತಿರುವ ಐಸ್ ಹಾಕಿ ತಂಡದ ಮುಖ್ಯಾಂಶಗಳು

ಹಿನ್ನೆಲೆ

ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಅಮೆರಿಕ ಮತ್ತು ಕೆನಡಾದ 32 ವೃತ್ತಿಪರ ಐಸ್ ಹಾಕಿ ತಂಡಗಳ ಲೀಗ್. ಕೊಡಗಿನ ಮೈದಾನಗಳಲ್ಲಿ ನಾವು ನೋಡುವ ಹಾಕಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಇಲ್ಲಿ ಚೆಂಡಿಲ್ಲ, ಪಕ್ ಎಂಬ ರಬ್ಬರ್ ಬಿಲ್ಲೆಯಿದೆ. ಮಂಜುಗಡ್ಡೆಯ ಅಂಕಣದಲ್ಲಿ ಒಂದು ತಂಡದಿಂದ ಒಮ್ಮೆಗೆ ಐವರು ಆಟಗಾರರು ಮತ್ತು ಒಬ್ಬ ಗೋಲ್‌ಕೀಪರ್ ಇರುತ್ತಾರೆ.

ಶಾರ್ಕ್ಸ್ ತಂಡದ ಊರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ. ಬಹಳಷ್ಟು ಕನ್ನಡ ಕುಟುಂಬಗಳು ನೆಲೆಸಿರುವ ಸಿಲಿಕಾನ್ ವ್ಯಾಲಿಯ ದೊಡ್ಡ ನಗರ ಅದು. ತಂಡ ಲೀಗ್‌ಗೆ ಬಂದದ್ದು 1991ರಲ್ಲಿ, ಮನೆಯಂಗಳ ಎಸ್‌ಎಪಿ ಸೆಂಟರ್. ಲೀಗ್‌ನ ಚಾಂಪಿಯನ್‌ಗೆ ಸಲ್ಲುವ ಸ್ಟ್ಯಾನ್ಲಿ ಕಪ್ ಇದುವರೆಗೆ ಕೈಗೆ ಸಿಕ್ಕಿಲ್ಲ. 2016ರಲ್ಲಿ ಫೈನಲ್ ತಲುಪಿ ಪಿಟ್ಸ್‌ಬರ್ಗ್ ಎದುರು ಸೋತಿತು. ಸೀಸನ್ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನಲ್ಲಿ ಕೊನೆಯದಾಗಿ ಕಾಣಿಸಿಕೊಂಡದ್ದು 2019ರಲ್ಲಿ.

ಈ ಟಿಪ್ಪಣಿಯ ಮಾಹಿತಿ 2025–26ರ ಸೀಸನ್ ಆರಂಭದವರೆಗಿನದು.

ಕುಸಿತದ ಅಂಕಿಗಳು

2022–23ರಲ್ಲಿ ತಂಡಕ್ಕೆ 60 ಅಂಕ. 2023–24ರಲ್ಲಿ 47 ಅಂಕ, ಲೀಗ್‌ನಲ್ಲೇ ಕೊನೆಯ ಸ್ಥಾನ. 2024–25ರಲ್ಲಿ 52 ಅಂಕ, ಮತ್ತೆ ಕೊನೆಯ ಸ್ಥಾನ. ಒಂದು ಸೀಸನ್‌ನಲ್ಲಿ 82 ಪಂದ್ಯ, ಗೆಲುವಿಗೆ 2 ಅಂಕ ಎಂಬುದನ್ನು ನೆನೆದರೆ ಈ ಸಂಖ್ಯೆಗಳ ಅರ್ಥ ತಿಳಿಯುತ್ತದೆ. 2023–24ರ ಮೊದಲ 11 ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ಅದೇ ನವೆಂಬರ್‌ನಲ್ಲಿ ಸಾಲಾಗಿ ಎರಡು ಪಂದ್ಯಗಳಲ್ಲಿ ತಲಾ 10 ಗೋಲು ಬಿಟ್ಟುಕೊಟ್ಟಿತು.

ಯೋಜನೆಯ ರೂವಾರಿ

ಮೈಕ್ ಗ್ರಿಯರ್. 2022ರ ಜುಲೈ 5ರಂದು ಜನರಲ್ ಮ್ಯಾನೇಜರ್ ಆದರು. ಎನ್‌ಎಚ್‌ಎಲ್ ಇತಿಹಾಸದಲ್ಲಿ ಈ ಹುದ್ದೆಗೇರಿದ ಮೊದಲ ಕಪ್ಪು ವರ್ಣೀಯ ವ್ಯಕ್ತಿ ಎಂಬುದು ಪರೀಕ್ಷೆಯಲ್ಲಿ ಕೇಳಬಹುದಾದ ಅಂಶ. ಮುಖ್ಯ ತರಬೇತುದಾರ ರಯಾನ್ ವಾರ್ಸಾಫ್ಸ್ಕಿ, ನೇಮಕವಾದದ್ದು 2024ರ ಜೂನ್‌ನಲ್ಲಿ.

ಹಳಬರು ಹೋದರು, ಬದಲಿಗೆ ಬಂದದ್ದೇನು?

ಈ ಭಾಗವನ್ನು ನಿಧಾನವಾಗಿ ಓದಬೇಕು. ತಂಡ ಕಟ್ಟುವುದೆಂದರೆ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆಯ) ಲಾಟರಿಯಲ್ಲಿ ಒಳ್ಳೆಯ ಹುಡುಗ ಸಿಗುವುದು ಎಂದಷ್ಟೇ ಹಲವರು ಬರೆದು ಬರುತ್ತಾರೆ. ಅದು ಅರ್ಧ ಉತ್ತರ. ಶಾರ್ಕ್ಸ್‌ನ ನಾಳಿನ ಪಟ್ಟಿಯ ದೊಡ್ಡ ಭಾಗ ಹುಟ್ಟಿದ್ದು ಹಳೆಯ ತಾರೆಯರನ್ನು ಬಿಟ್ಟುಕೊಟ್ಟ ವಿನಿಮಯಗಳಿಂದ.

ಟೀಮೋ ಮೈಯರ್ 2023ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಗೆ ಹೋದರು. ಬದಲಾಗಿ ಬಂದವರಲ್ಲಿ ರಕ್ಷಣಾ ಆಟಗಾರ ಶಾಕಿರ್ ಮುಖಮದುಲ್ಲಿನ್ ಒಬ್ಬರು. ಜೊತೆಗೆ ಸಿಕ್ಕ, ಡ್ರಾಫ್ಟ್‌ನ ಮೊದಲ ಸುತ್ತಿನ ಆಯ್ಕೆಯ ಹಕ್ಕಿನಿಂದ ಅದೇ ವರ್ಷ 26ನೆಯವರಾಗಿ ಕ್ವೆಂಟಿನ್ ಮಸ್ಟಿ ಬಂದರು.

ಎರಿಕ್ ಕಾರ್ಲ್‌ಸನ್ 2022–23ರಲ್ಲಿ 101 ಅಂಕ ಗಳಿಸಿ, ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಸಲ್ಲುವ ನಾರಿಸ್ ಟ್ರೋಫಿ ಗೆದ್ದರು. (ಆಟಗಾರನ ಲೆಕ್ಕದಲ್ಲಿ ಅಂಕವೆಂದರೆ ಗೋಲು ಮತ್ತು ಅಸಿಸ್ಟ್‌ಗಳ ಮೊತ್ತ, ತಂಡದ ಅಂಕವೇ ಬೇರೆ.) 2023ರ ಆಗಸ್ಟ್‌ನಲ್ಲಿ ಅವರನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟರು. ಅಲ್ಲಿಂದ ಎರಡು ಎಳೆ ಹೊರಟವು. ಪಿಟ್ಸ್‌ಬರ್ಗ್‌ನ 14ನೇ ಆಯ್ಕೆಗೆ 42ನೆಯದನ್ನೂ ಸೇರಿಸಿ ಬಫಲೋಗೆ ಕೊಟ್ಟು 11ನೇ ಸ್ಥಾನಕ್ಕೇರಿ, ರಕ್ಷಣಾ ಆಟಗಾರ ಸ್ಯಾಮ್ ಡಿಕಿನ್ಸನ್‌ರನ್ನು ತೆಗೆದುಕೊಂಡರು. ಇನ್ನೊಂದು ಎಳೆ ಅದೇ ವಿನಿಮಯದಲ್ಲಿ ಬಂದ ಮಿಕಾಯೆಲ್ ಗ್ರಾನ್‌ಲುಂಡ್. 2025ರ ಫೆಬ್ರವರಿಯಲ್ಲಿ ಅವರನ್ನು ಡಲ್ಲಾಸ್‌ಗೆ ಕೊಟ್ಟಾಗ ಮೊದಲ ಸುತ್ತಿನ ಇನ್ನೊಂದು ಆಯ್ಕೆ ಸಿಕ್ಕಿತು. ಅದರಿಂದ 30ನೆಯವರಾಗಿ ಬಂದವರು ಗೋಲ್‌ಕೀಪರ್ ಜೋಶುವಾ ರೇವನ್ಸ್‌ಬರ್ಗನ್.

ಟೊಮಾಶ್ ಹೆರ್ಟ್ಲ್ 2024ರ ಮಾರ್ಚ್‌ನಲ್ಲಿ ವೇಗಸ್‌ಗೆ ಹೋದಾಗ ಅಭಿಮಾನಿಗಳಿಗೆ ನಿಜಕ್ಕೂ ನೋವಾಯಿತು. ಬದಲಿಗೆ ಬಂದದ್ದು ಡೇವಿಡ್ ಎಡ್‌ಸ್ಟ್ರಾಮ್ ಎಂಬ ಯುವಕ ಮತ್ತು ಮೊದಲ ಸುತ್ತಿನ ಒಂದು ಆಯ್ಕೆ. ಆರು ತಿಂಗಳೊಳಗೆ ಆ ಎರಡನ್ನೂ ನ್ಯಾಶ್‌ವಿಲ್‌ಗೆ ದಾಟಿಸಿ ಗೋಲ್‌ಕೀಪರ್ ಯಾರೊಸ್ಲಾವ್ ಅಸ್ಕರೋವ್‌ರನ್ನು ತಂದರು. ಗ್ರಿಯರ್ ಮಾಡಿದ ವಿನಿಮಯಗಳಲ್ಲಿ ಅತ್ಯಂತ ದಿಟ್ಟವಾದದ್ದು ಇದೇ ಎಂಬುದು ನನ್ನ ಅಭಿಪ್ರಾಯ. ಗೋಲ್‌ಕೀಪರ್ ಪಕ್ವನಾಗಲು ವರ್ಷಗಳು ಬೇಕು. ಹೊಸ ತಾರೆಯರು ಬೆಳೆಯುವ ಹೊತ್ತಿಗೇ ಅವನೂ ಸಿದ್ಧನಾಗಬೇಕಾದರೆ ಮುಂಚೆಯೇ ತರಬೇಕು.

ಡ್ರಾಫ್ಟ್ ಮತ್ತು ಲಾಟರಿ

ಡ್ರಾಫ್ಟ್‌ನಲ್ಲಿ 7 ಸುತ್ತು. ಪ್ಲೇಆಫ್ ತಲುಪದ ತಂಡಗಳ ಸರದಿಯನ್ನು ಲಾಟರಿ ತೀರ್ಮಾನಿಸುತ್ತದೆ. ಕೊನೆಯ ಸ್ಥಾನದ ತಂಡಕ್ಕೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ಶೇ 25.5 ಮಾತ್ರ, ಆದರೆ ಅದು ಮೂರನೇ ಸರದಿಗಿಂತ ಕೆಳಗೆ ಜಾರುವುದಿಲ್ಲ. ಬೇಕೆಂದೇ ಸೋಲುವ ಚಾಳಿಗೆ ಕಡಿವಾಣ ಹಾಕಲು ಈ ಏರ್ಪಾಡು. 2024ರಲ್ಲಿ ಶಾರ್ಕ್ಸ್ ಲಾಟರಿ ಗೆದ್ದು ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಪ್ರಥಮ ಆಯ್ಕೆ ಪಡೆಯಿತು. 2025ರಲ್ಲಿ ಮತ್ತೆ ಕೊನೆಯ ಸ್ಥಾನದಲ್ಲಿದ್ದರೂ ಲಾಟರಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಪಾಲಾಯಿತು; ಶಾರ್ಕ್ಸ್‌ಗೆ ಎರಡನೇ ಸರದಿ.

ನೆನಪಿಡಬೇಕಾದ ಹೆಸರುಗಳು

• ಮ್ಯಾಕ್ಲಿನ್ ಸೆಲೆಬ್ರಿನಿ: ಸೆಂಟರ್ (ಮುಂಚೂಣಿಯ ನಡುವಿನ ಆಟಗಾರ), ಜನನ 2006ರ ಜೂನ್ 13, ಕೆನಡಾದ ನಾರ್ತ್ ವ್ಯಾಂಕೂವರ್. 2024ರ ಪ್ರಥಮ ಆಯ್ಕೆ. ಬಾಸ್ಟನ್ ವಿಶ್ವವಿದ್ಯಾಲಯದ ಪರ 38 ಪಂದ್ಯಗಳಲ್ಲಿ 64 ಅಂಕ ಗಳಿಸಿ, ಅಮೆರಿಕದ ಕಾಲೇಜು ಹಾಕಿಯ ಶ್ರೇಷ್ಠ ಗೌರವವಾದ ಹೋಬಿ ಬೇಕರ್ ಪ್ರಶಸ್ತಿ ಪಡೆದ ಅತಿ ಕಿರಿಯ. ಮೊದಲ ಎನ್‌ಎಚ್‌ಎಲ್ ಪಂದ್ಯದಲ್ಲೇ ಒಂದು ಗೋಲು, ಒಂದು ಅಸಿಸ್ಟ್. ಆನಂತರ ಸೊಂಟದ ಗಾಯದಿಂದ 12 ಪಂದ್ಯ ತಪ್ಪಿತು. ಆದರೂ 70 ಪಂದ್ಯಗಳಲ್ಲಿ 25 ಗೋಲು, 38 ಅಸಿಸ್ಟ್. ವರ್ಷದ ಹೊಸ ಆಟಗಾರನಿಗೆ ಕೊಡುವ ಕಾಲ್ಡರ್ ಟ್ರೋಫಿಯ ಅಂತಿಮ ಮೂವರಲ್ಲಿ ಒಬ್ಬ. ಆ ಮೊದಲ ವರ್ಷ ಈತ ಉಳಿದುಕೊಂಡದ್ದು ತಂಡದ ಹಿಂದಿನ ದಿಗ್ಗಜ ಜೋ ಥಾರ್ನ್‌ಟನ್ ಅವರ ಮನೆಯಲ್ಲಿ.

• ವಿಲ್ ಸ್ಮಿತ್: ಫಾರ್ವರ್ಡ್, 2023ರ 4ನೇ ಆಯ್ಕೆ, ಬಾಸ್ಟನ್ ಕಾಲೇಜ್. ಮೊದಲ ಸೀಸನ್‌ನಲ್ಲಿ 74 ಪಂದ್ಯ, 45 ಅಂಕ.

• ಮೈಕಲ್ ಮೀಸಾ: ಸೆಂಟರ್, 2025ರ 2ನೇ ಆಯ್ಕೆ. ಸ್ಯಾಗಿನಾ ಸ್ಪಿರಿಟ್ ಪರ 65 ಪಂದ್ಯಗಳಲ್ಲಿ 134 ಅಂಕ.

• ವಿಲಿಯಂ ಎಕ್ಲುಂಡ್: ಸ್ವೀಡನ್‌ನವರು, 2021ರ 7ನೇ ಆಯ್ಕೆ. ಗ್ರಿಯರ್ ಬರುವ ಮೊದಲೇ ಆಯ್ಕೆಯಾದವರು.

• ಅಸ್ಕರೋವ್: ರಷ್ಯಾದವರು, 2020ರಲ್ಲಿ ನ್ಯಾಶ್‌ವಿಲ್‌ನ 11ನೇ ಆಯ್ಕೆ.

ಪಟ್ಟಿಯ ನಿಯಮಗಳು

ತಂಡದ ಪಟ್ಟಿಯಲ್ಲಿ ಗರಿಷ್ಠ 23 ಮಂದಿ, ಪಂದ್ಯಕ್ಕೆ ಇಳಿಯುವವರು 20: ಇಬ್ಬರು ಗೋಲ್‌ಕೀಪರ್‌ಗಳು, 18 ಆಟಗಾರರು. ಒಟ್ಟು ಒಪ್ಪಂದಗಳು 50 ಮೀರುವಂತಿಲ್ಲ. 18ರ ಹುಡುಗನ ಮೊದಲ ಒಪ್ಪಂದ 3 ವರ್ಷದ್ದು. ಆದರೆ 18 ಅಥವಾ 19ರ ವಯಸ್ಸಿನಲ್ಲಿ 10ಕ್ಕಿಂತ ಕಡಿಮೆ ಎನ್‌ಎಚ್‌ಎಲ್ ಪಂದ್ಯ ಆಡಿದರೆ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ, ಒಪ್ಪಂದ ಒಂದು ವರ್ಷ ಮುಂದಕ್ಕೆ ಸರಿಯುತ್ತದೆ. ಹತ್ತನೇ ಪಂದ್ಯ ಆಡಿಸುವುದೋ ಬೇಡವೋ ಎಂಬ ಚರ್ಚೆ ಪ್ರತಿ ಅಕ್ಟೋಬರ್‌ನಲ್ಲಿ ಕಾವೇರುವುದು ಇದಕ್ಕೇ. ಎಳೆಯರು ಪಳಗುವ ಸಹ ತಂಡ ಸ್ಯಾನ್ ಹೋಸೆ ಬರಾಕುಡಾ ಅಮೆರಿಕನ್ ಹಾಕಿ ಲೀಗ್‌ನಲ್ಲಿ ಆಡುತ್ತದೆ.

ವೇತನ ಮಿತಿ

ಒಂದು ತಂಡದ ಒಟ್ಟು ಸಂಬಳದ ಮೇಲ್ಮಿತಿ 2024–25ರಲ್ಲಿ 8.8 ಕೋಟಿ ಡಾಲರ್, 2025–26ರಲ್ಲಿ 9.55 ಕೋಟಿ. ಮುಂದಿನ ಎರಡು ಸೀಸನ್‌ಗಳಿಗೆ 10.4 ಕೋಟಿ, 11.35 ಕೋಟಿ ಎಂದು 2025ರ ಜನವರಿಯಲ್ಲೇ ಪ್ರಕಟಿಸಿದ್ದಾರೆ. ಕೆಳಮಿತಿಯೂ ಉಂಟು: 2025–26ಕ್ಕೆ 7.06 ಕೋಟಿ. ಎಳೆಯರ ಸಂಬಳ ಕಡಿಮೆಯಾದ್ದರಿಂದ ಕಟ್ಟುತ್ತಿರುವ ತಂಡಕ್ಕೆ ಕಾಡುವುದು ಸಾಮಾನ್ಯವಾಗಿ ಈ ಕೆಳಮಿತಿಯೇ. ವಿನಿಮಯದ ವೇಳೆ ಒಪ್ಪಿಕೊಂಡಂತೆ ಕಾರ್ಲ್‌ಸನ್ ಮತ್ತು ಹೆರ್ಟ್ಲ್ ಸಂಬಳದ ಒಂದು ಪಾಲನ್ನು ಶಾರ್ಕ್ಸ್ ಇನ್ನೂ ತಾನೇ ಹೊರುತ್ತಿದೆ. ಗಾಯದಿಂದ ನಿವೃತ್ತಿ ಘೋಷಿಸಿದ ನಾಯಕ ಲೋಗನ್ ಕುಟೂರ್ ಅವರ ಒಪ್ಪಂದವೂ ಲೆಕ್ಕದಲ್ಲಿದೆ.

ಎಲ್ಲಿ ಬಲ, ಎಲ್ಲಿ ಕೊರತೆ

ಮುಂಚೂಣಿಯಲ್ಲಿ ಶಾರ್ಕ್ಸ್‌ಗೆ ಚಿಂತೆಯಿಲ್ಲ. ಸೆಲೆಬ್ರಿನಿ ಮತ್ತು ಮೀಸಾ ಇಬ್ಬರೂ ಸೆಂಟರ್ ಆಗಿ ನಿಂತರೆ ಹತ್ತು ವರ್ಷದ ತಳಪಾಯ ಸಿಕ್ಕಂತೆ. ಗೋಲಿನ ಮುಂದೆ ಅಸ್ಕರೋವ್, ಅವರ ಹಿಂದೆ ರೇವನ್ಸ್‌ಬರ್ಗನ್. ಕೊರತೆ ಇರುವುದು ರಕ್ಷಣೆಯಲ್ಲಿ. 2025ರ ಬೇಸಿಗೆಯಲ್ಲಿ ಡಿಮಿಟ್ರಿ ಓರ್ಲೋವ್, ಜಾನ್ ಕ್ಲಿಂಗ್‌ಬರ್ಗ್, ನಿಕ್ ಲೆಡ್ಡಿ ಎಂಬ ಅನುಭವಿಗಳನ್ನು ತಂದರು. ಮೂವರೂ ಮೂವತ್ತು ದಾಟಿದವರು, ಒಪ್ಪಂದಗಳು ಅಲ್ಪಾವಧಿಯವು. ಡಿಕಿನ್ಸನ್ ಮತ್ತು ಮುಖಮದುಲ್ಲಿನ್ ಬೆಳೆಯುವವರೆಗೆ ಜಾಗ ತುಂಬುವುದಷ್ಟೇ ಇವರ ಕೆಲಸ. ಮೊದಲ ಜೋಡಿಯಲ್ಲಿ ನಿಂತು ಪ್ರತಿ ಪಂದ್ಯ ಹೊರಬಲ್ಲ ರಕ್ಷಣಾ ಆಟಗಾರ ಈ ಪಟ್ಟಿಯಲ್ಲಿ ಇನ್ನೂ ಕಾಣುತ್ತಿಲ್ಲ. ಗ್ರಿಯರ್‌ರ ಯೋಜನೆಯನ್ನು ಮೆಚ್ಚುವ ನನಗೂ ಇದು ದೊಡ್ಡ ಕೊರತೆಯಾಗಿಯೇ ಕಾಣುತ್ತದೆ.

ಗಡುವು

ಸೆಲೆಬ್ರಿನಿ ಮತ್ತು ಸ್ಮಿತ್ ಇಬ್ಬರ ಮೊದಲ ಒಪ್ಪಂದವೂ 2026–27ರ ಸೀಸನ್‌ನೊಂದಿಗೆ ಮುಗಿಯುತ್ತದೆ. ಕೊನೆಯ ವರ್ಷಕ್ಕೆ ಕಾಲಿಟ್ಟ ಕೂಡಲೇ, ಅಂದರೆ 2026ರ ಜುಲೈ 1ರಿಂದ, ಹೊಸ ಒಪ್ಪಂದಕ್ಕೆ ಸಹಿ ಹಾಕಬಹುದು. ಕಾರ್ಲ್‌ಸನ್ ಸಂಬಳದ ಪಾಲು ಮತ್ತು ಕುಟೂರ್ ಒಪ್ಪಂದ ಮುಗಿಯುವುದೂ ಅದೇ 2026–27ಕ್ಕೆ. ಹಳೆಯ ಹೊರೆ ಇಳಿಯುವ ಮತ್ತು ಹೊಸ ತಾರೆಯರ ದೊಡ್ಡ ಸಂಬಳ ಶುರುವಾಗುವ ಸಮಯ ಒಂದೇ. ಹಾಗಾಗಿ ಹೊರಗಿನಿಂದ ಒಬ್ಬ ದುಬಾರಿ ರಕ್ಷಣಾ ಆಟಗಾರನನ್ನು ತರಲು ಶಾರ್ಕ್ಸ್‌ಗೆ ಅನುಕೂಲವಾದ ಕಾಲ ಅದಕ್ಕೂ ಮೊದಲಿನ ಎರಡು ಬೇಸಿಗೆಗಳು. ಅವುಗಳಲ್ಲಿ 2025ರದು ಆಗಲೇ ಕಳೆದಿದೆ.