ಗೊಮ್ಮಟನಿಗಿಂತ ಮೊದಲು ಚಿಕ್ಕಬೆಟ್ಟ

ಶ್ರವಣಬೆಳಗೊಳಕ್ಕೆ ಹೋದವರು ಸಾಮಾನ್ಯವಾಗಿ ದೊಡ್ಡಬೆಟ್ಟ ಹತ್ತಿ, ಗೊಮ್ಮಟನಿಗೆ ಕೈಮುಗಿದು, ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಯುದ್ಧದ ಸ್ಮಾರಕಗಳನ್ನು ನೋಡುವ ಆಸೆಯಿದ್ದರೆ ಈ ಕ್ರಮ ಬದಲಿಸಿ. ಬೆಳಿಗ್ಗೆ ಮೊದಲು ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ.

ಹಾಸನದಿಂದ ರೈಲೂ ಇದೆ. ಅರಕಲಗೂಡಿನವರು ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಬಂದು ಬಸ್ಸು ಬದಲಿಸಿದರಾಯಿತು. ಅಲ್ಲಿಂದ ಸುಮಾರು 12 ಕಿ.ಮೀ. ಚಪ್ಪಲಿ ಕೆಳಗೇ ಬಿಡಬೇಕು. ಬಿಸಿಲೇರಿದರೆ ಬಂಡೆ ಕಾದು ಕಾಲಿಡಲಾಗದು, ಕಾಲುಚೀಲ ಜೊತೆಗಿರಲಿ. ಸವೆದ ಅಕ್ಷರ ಕಾಣುವುದೂ ಎಳೆಬಿಸಿಲು ಓರೆಯಾಗಿ ಬಿದ್ದಾಗಲೇ.

ಬಸದಿಗಳ ಪ್ರಾಕಾರದ ದಕ್ಷಿಣ ಬಾಗಿಲಲ್ಲಿ ಕೂಗೆ ಬ್ರಹ್ಮದೇವರ ಕಂಬ ನಿಂತಿದೆ. ಇದು ಗಂಗರ ಮಾರಸಿಂಹನ ಸ್ಮಾರಕ. ರಾಷ್ಟ್ರಕೂಟ ಮೂರನೇ ಕೃಷ್ಣನಿಗಾಗಿ ಉತ್ತರದಲ್ಲಿ ಕಾದಿದ್ದು, ನೊಳಂಬರನ್ನು ಅಡಗಿಸಿದ್ದು, ಉಚ್ಚಂಗಿ ಕೋಟೆ ಹಿಡಿದದ್ದು ಎಲ್ಲವೂ ಇದರ ಶಾಸನದಲ್ಲಿದೆ. ಇಷ್ಟೆಲ್ಲ ಗೆದ್ದವನು ರಾಜ್ಯ ಬಿಟ್ಟು, 974ರಲ್ಲಿ ಬಂಕಾಪುರದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ.

ನನ್ನ ಮಟ್ಟಿಗೆ ಈ ಬೆಟ್ಟದ ದೊಡ್ಡ ಸ್ಮಾರಕ ಮಾತ್ರ ರಾಜನದಲ್ಲ, ಸಾವಿಯಬ್ಬೆಯದು. ಹತ್ತನೇ ಶತಮಾನದಲ್ಲಿ ಗಂಡನ ಜೊತೆ ಬಾಗೆಯೂರಿನ ಕಾಳಗಕ್ಕೆ ಹೋಗಿ ಮಡಿದವಳು. ಅವಳ ವೀರಗಲ್ಲಿನಲ್ಲಿ ಕುದುರೆಯ ಮೇಲೆ ಕತ್ತಿ ಎತ್ತಿದ ಹೆಂಗಸು, ಎದುರಿಗೆ ಆನೆಯೇರಿದ ಗಂಡಸು. ವೀರಗಲ್ಲೆಂದರೆ ಗಂಡಾಳು ಎಂದುಕೊಂಡವರು ಇದರ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಆಮೇಲೆ ದೊಡ್ಡಬೆಟ್ಟ. ಅಲ್ಲಿನ ತ್ಯಾಗದ ಬ್ರಹ್ಮದೇವರ ಕಂಬದ ಮೇಲೆ ಗಂಗರ ಸೇನಾಪತಿ ಚಾವುಂಡರಾಯನ ಯುದ್ಧಗಳ ವರದಿಯಿತ್ತು. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣ ಎಂಬಾತ ತನ್ನ ಎರಡೂವರೆ ಸಾಲಿಗಾಗಿ ಮೂರು ಮುಖ ಕೆರೆಸಿಹಾಕಿದ. ಉಳಿದಿರುವುದು ಒಂದೇ ಮುಖ.

ಈ ಕಾಳಗಗಳನ್ನು ಓದಿ ಹೇಳುವ ಒಂದು ಸಂದರ್ಶಕ ಕೇಂದ್ರ ಬೆಳಗೊಳಕ್ಕೆ ಬೇಕು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಕಾನೂನಿನ ಅಡ್ಡಿಯಿದೆ. ಊರೊಳಗಿನ ಹಳೆಯ ಮನೆಯೊಂದಾದರೂ ಸಾಕು. ಶಾಸನಗಳ ಪಡಿಯಚ್ಚು, ಪಕ್ಕದಲ್ಲಿ ಹೊಸಗನ್ನಡದ ಓದು, ಬಂಕಾಪುರ, ಉಚ್ಚಂಗಿ ಗುರುತಿಸಿದ ಒಂದು ನಕ್ಷೆ. ದೊಡ್ಡ ಖರ್ಚಿನ ಬಾಬೇನಲ್ಲ. ಅಲ್ಲಿಯವರೆಗೆ ಎಪಿಗ್ರಾಫಿಯಾ ಕರ್ನಾಟಿಕದ ಎರಡನೇ ಸಂಪುಟವೇ ಗತಿ. ಬೇಕಾದ ಪುಟಗಳನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಹೊರಡಿ.

ಅಕ್ಷರ ಎದ್ದು ಕಾಣಲೆಂದು ಸುಣ್ಣದಕಡ್ಡಿ ತೀಡಬೇಡಿ, ನೀರು ಸುರಿಯಬೇಡಿ. ಪಕ್ಕದಿಂದ ಟಾರ್ಚ್ ಹಿಡಿದರೆ ಸಾಕು.